ನೆರೆಯೂರಿನ ಛಾವಣಿ

ಜನವರಿ 9, 1986, ಗುರುವಾರ

ಇವತ್ತಿನ ಅಂಚೆ ನೋಡಿದ ಮೇಲೆ ಮಧ್ಯಾಹ್ನದ ಊಟ ಸೇರಲಿಲ್ಲ. ಪೆನ್‌ಹೇಲ್ ಪುರಸಭೆಯ ಹೊಣೆ ವಿಮೆಯನ್ನು ನಮ್ಮ ಕಂಪನಿ ಮಾರ್ಚ್ ಒಂದರಿಂದ ಮುಂದುವರಿಸುವುದಿಲ್ಲವಂತೆ. ಪೆನ್‌ಹೇಲ್ ಒಂದೇ ಅಲ್ಲ, ಮಿಷಿಗನ್ನಿನ ಈ ಉತ್ತರ ಭಾಗದ ಸಣ್ಣ ಊರುಗಳನ್ನೆಲ್ಲ ಒಂದೇ ಏಟಿಗೆ ಕೈಬಿಟ್ಟಿದ್ದಾರೆ. ಕೋರ್ಟುಗಳು ಕೊಡುತ್ತಿರುವ ತೀರ್ಪುಗಳೂ ಹಾಗೇ ಇವೆ. ಎಲ್ಲೋ ಒಬ್ಬ ಪಾರ್ಕಿನ ಉಯ್ಯಾಲೆಯಿಂದ ಬಿದ್ದರೆ ಊರಿಗೆ ಊರೇ ಮಾರಿಹೋಗುವಷ್ಟು ಪರಿಹಾರ. ನಮ್ಮ ಕಂಪನಿಯಾದರೂ ಎಲ್ಲಿಯವರೆಗೆ ತಡೆದುಕೊಳ್ಳುತ್ತದೆ? ಮನೆಗಳ ವಿಮೆ, ಕಾರುಗಳ ವಿಮೆ ಎಂದಿನಂತೆ ಇರುತ್ತವೆ. ಹೋಗುವುದು ಊರಿನದು ಮಾತ್ರ.

ಇದನ್ನೆಲ್ಲ ನನಗೆ ನಾನೇ ಹಲವು ಸಲ ಹೇಳಿಕೊಂಡೆ. ಹೇಳಿಕೊಂಡಷ್ಟೂ ಸರಿ ಅನ್ನಿಸಿತು, ಆದರೂ ಊಟ ಸೇರಲಿಲ್ಲ. ಸೈನ್ಯದಿಂದ ಬಂದು ಏಜೆಂಟನಾದಾಗ ನನಗೆ ಸಿಕ್ಕ ಮೊದಲ ದೊಡ್ಡ ಪಾಲಿಸಿ ಈ ಊರಿನದು.

ಸಂಜೆ ಸೈಮಾ ಆಂಬುಲೆನ್ಸ್ ತೊಳೆದಿಟ್ಟು ಬಂದಳು. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೂ ನನ್ನ ಹೆಂಡತಿಗೆ ಮನೆಯಲ್ಲಿ ಕೂರಲಾಗುವುದಿಲ್ಲ. ಊರಿನ ಆಂಬುಲೆನ್ಸನ್ನು ಸಂಬಳವಿಲ್ಲದೆ ಓಡಿಸುತ್ತಾಳೆ.

"ಏನಾಯ್ತು ವಿಲ್ಫ್?"

"ಏನೂ ಇಲ್ಲ."

"ಏನೂ ಇಲ್ದೋನು ಕಾಫಿಗೆ ಉಪ್ಪು ಹಾಕ್ಕೊಳಲ್ಲ."

ನೋಡಿದರೆ ಹೌದು, ಉಪ್ಪೇ.

ಜನವರಿ 14, ಮಂಗಳವಾರ

ನಾರ್ಬರ್ಟ್ ಲಜುವಾ ಆಫೀಸಿಗೆ ಬಂದು ಬೂಟಿನ ಹಿಮವನ್ನೂ ಕೊಡವದೆ ಕುರ್ಚಿಯಲ್ಲಿ ಕೂತ. ಅವನು ನಮ್ಮ ಮೇಯರ್, ಹೊಟ್ಟೆಪಾಡಿಗೆ ನಲ್ಲಿ ರಿಪೇರಿ ಮಾಡುತ್ತಾನೆ. ಒಂದನೇ ತರಗತಿಯಿಂದ ನನ್ನ ಗೆಳೆಯ.

"ನಿಮ್ಮ ಕಂಪನಿಗೆ ನಾವು ಮಾಡಿದ ಪಾಪ ಏನಯ್ಯಾ? ಇಷ್ಟು ವರ್ಷದಲ್ಲಿ ನಾವು ಕೇಳಿದ್ದೇನು? ಸ್ಮಶಾನದ ಗೇಟು ಒಂದು, ಲೈಬ್ರರಿ ಕಿಟಕಿ ಒಂದು."

"ನೀವೇನೂ ಮಾಡಿಲ್ಲ ನಾರ್ಬರ್ಟ್. ಬೇರೆ ಕಡೆ ಆಗಿರೋ ನಷ್ಟ…"

"ಬೇರೆ ಕಡೆ ಆಗಿದ್ದಕ್ಕೆ ನಮಗ್ಯಾಕೋ ಬರೆ?"

ಅಂಕಿಅಂಶ ವಿವರಿಸಿದೆ. ಅವನು ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡ. ಅವನು ಹಾಗೆ ನೋಡಿದರೆ ಕೇಳಿಸಿಕೊಳ್ಳುತ್ತಿಲ್ಲ ಅಂತ ಅರ್ಥ.

"ದೊಡ್ಡ ಸೇತುವೆ ದಾಟಿದ ದಕ್ಷಿಣದ ಊರುಗಳೆಲ್ಲ ಸೇರಿ ತಾವೇ ಒಂದು ನಿಧಿ ಕಟ್ಕೊಂಡಿದಾರಂತೆ, ಗೊತ್ತಾ? ಕಂಪನೀನೂ ಇಲ್ಲ, ಲಾಭಾನೂ ಇಲ್ಲ. ಸಹಕಾರಿ."

ನನಗೆ ನಗು ತಡೆಯಲಾಗಲಿಲ್ಲ. "ವಿಮೆ ಅಂದ್ರೆ ಚರ್ಚಿನ ಊಟ ಅಲ್ಲಪ್ಪ, ಮನೆಗೊಂದು ಪಾತ್ರೆ ತಂದು ಮೇಜಿನ ಮೇಲಿಡೋಕೆ. ಕಂಪನಿಗಳು ಬೇಕಾದಷ್ಟಿವೆ. ನಾನು ಹುಡುಕ್ಕೊಡ್ತೀನಿ, ನೀನು ನಲ್ಲಿ ನೋಡ್ಕೋ ಹೋಗು."

ಫೆಬ್ರವರಿ 3, ಸೋಮವಾರ

ಫೋನ್ ಹಿಡಿದು ಕಿವಿ ಕೆಂಪಾಗಿದೆ. ಎಲ್ಲರದೂ ಒಂದೇ ಉತ್ತರ. ಊರು, ಶಾಲೆ, ಸೂಲಗಿತ್ತಿ, ಈ ಮೂರಕ್ಕೆ ವಿಮೆ ಈಗ ಎಲ್ಲೂ ಇಲ್ಲ.

ಶಿಕಾಗೋದ ಒಬ್ಬ ಮಾತ್ರ ಕೊಡುತ್ತೇನೆ ಅಂದ. ಹಳೆಯ ಕಂತಿನ ಹಲವು ಪಟ್ಟು. ಅದರಲ್ಲೂ ಆಂಬುಲೆನ್ಸ್ ಸೇರುವುದಿಲ್ಲ, ಪೊಲೀಸ್ ಕಾರು ಸೇರುವುದಿಲ್ಲ, ಪಾದಚಾರಿ ದಾರಿ ಸೇರುವುದಿಲ್ಲ, ಗುಡ್ಡದ ಮೇಲೆ ಹುಡುಗರು ಸ್ಕೀ ಕಟ್ಟಿಕೊಂಡು ಹಾರುವ ಅಟ್ಟಣೆಯಂತೂ ಮೊದಲೇ ಇಲ್ಲ.

"ಹಾಗಾದ್ರೆ ಸೇರೋದು ಏನು ಸ್ವಾಮಿ?" ಅಂದೆ.

ಅವನು ಯೋಚಿಸಿದ. "ನಿಮ್ಮ ಪುರಸಭೆ ಕಟ್ಟಡದ ವರಾಂಡ," ಅಂದ.

ನಮ್ಮ ಪುರಸಭೆಗೆ ವರಾಂಡವಿಲ್ಲ.

ಫೆಬ್ರವರಿ 6, ಗುರುವಾರ

ಆ ನಿಧಿಯವರು ಬಂದಿದ್ದರು. ಬಂದವಳು ಒಬ್ಬಳೇ, ಮೋರೀನ್ ಡೈಕ್‌ಹೌಸ್ ಅಂತ, ಮೂವತ್ತೈದರ ಆಸುಪಾಸು. ಸೇತುವೆಯಾಚೆಯ ದಕ್ಷಿಣದವರ ಬುದ್ಧಿ, ಈ ಹಿಮದಲ್ಲಿ ಪಟ್ಟಣದ ತೆಳು ಬೂಟು ಹಾಕಿಕೊಂಡು ಬಂದಿದ್ದಳು. ಸೈಮಾ ನೋಡಲಾರದೆ ತನ್ನ ಹಳೆಯ ಉಣ್ಣೆ ಬೂಟು ಕೊಟ್ಟಳು. ಅವು ಅವಳಿಗೆ ಎರಡು ಅಳತೆ ದೊಡ್ಡವು. ದೋಣಿಗಳ ಮೇಲೆ ನಿಂತ ಹಾಗೆ ನಿಂತು ಮಾತಾಡಿದಳು. ಆದರೆ ಅಳುಕಲಿಲ್ಲ.

ಅಗ್ನಿಶಾಮಕ ಠಾಣೆಯ ಸಭಾಂಗಣ ತುಂಬಿತ್ತು. ಅವಳು ಹೇಳಿದ್ದು ಇಷ್ಟು. ಪ್ರತಿ ಊರೂ ತನ್ನ ಕಂತನ್ನು ಒಂದೇ ನಿಧಿಗೆ ಹಾಕುತ್ತದೆ. ಯಾವ ಊರಿಗೆ ತೊಂದರೆಯಾದರೂ ಪರಿಹಾರ ಅದರಿಂದಲೇ. ತೀರಾ ದೊಡ್ಡ ನಷ್ಟವಾದರೆ ನಿಧಿಯೇ ಮಾಡಿಸಿಟ್ಟ ಇನ್ನೊಂದು ವಿಮೆ, ಮರುವಿಮೆ, ಇದೆ. ಮಿಕ್ಕಿದ್ದು ಊರುಗಳಿಗೇ ವಾಪಸ್. ನಡೆಸುವವರೂ ಊರುಗಳು ಆರಿಸಿ ಕಳಿಸಿದ ಜನವೇ. ಸೇರಿದವರು ಮೂರು ವರ್ಷ ಬಿಟ್ಟು ಹೋಗುವಂತಿಲ್ಲ.

ನಾನು ಇದಕ್ಕೇ ಕಾದಿದ್ದೆ. ಎದ್ದು ನಿಂತೆ.

"ಕೆಟ್ಟ ವರ್ಷ ಬಂದು ನಿಧಿ ಬರಿದಾದ್ರೆ?"

"ಇನ್ನೂ ಸ್ವಲ್ಪ ಹಾಕಿ ಅಂತ ಎಲ್ಲ ಊರಿಗೂ ಕೇಳ್ತೀವಿ."

"ಅಂದ್ರೆ ನಮ್ಮ ಕಂತು ಕೊನೆಗೆ ಎಷ್ಟಾಗುತ್ತೆ ಅಂತ ನಿಮಗೇ ಗೊತ್ತಿಲ್ಲ."

"ಗೊತ್ತಿಲ್ಲ," ಅಂದಳು. "ನಿಮ್ಮ ಕಂಪನಿಗೆ ಗೊತ್ತಿತ್ತಾ?"

ಸಭೆಯೆಲ್ಲ ನಕ್ಕಿತು. ಸೈಮಾ ಕೂಡ. ಅವಳು ನಗಬಾರದಿತ್ತು.

ಆಮೇಲೆ ಒಂದು ಷರತ್ತು ಹೇಳಿದಳು. ಒಂದೇ ಊರಿಗಾಗಿ ಸೇತುವೆ ದಾಟಿ ಬರುವುದು ನಿಧಿಗೆ ಕಟ್ಟುವುದಿಲ್ಲ. ಈ ಕಡೆ ಕನಿಷ್ಠ ಎರಡು ಅಕ್ಕಪಕ್ಕದ ಊರುಗಳು ಬೇಕು. ನಮ್ಮ ಪಕ್ಕಕ್ಕಿರುವುದು ಮಾರ್ಟನ್ ಒಂದೇ. ಸಭೆ ಗೊಣಗಿತು. ಐಸ್ ಹಾಕಿ ಆಟದಲ್ಲಿ ನಮಗೂ ಮಾರ್ಟನ್ನಿಗೂ ಅಜ್ಜಂದಿರ ಕಾಲದಿಂದ ಇರುವ ದ್ವೇಷ ಪಾಪ ಅವಳಿಗೆ ಹೇಗೆ ಗೊತ್ತು?

ಸ್ಕೀ ಅಟ್ಟಣೆ ನೋಡಿಕೊಳ್ಳುವ ಸುಲೋ ಹಾರ್ಯು ಹಿಂದಿನಿಂದ ಕೂಗಿದ. "ಮಾರ್ಟನ್ನಿನವರು ಬಿದ್ರೆ ನಾವು ಎತ್ತಬೇಕಾ? ನಾವು ವರ್ಷಾನುಗಟ್ಟಲೆಯಿಂದ ಅವರನ್ನ ಬೀಳಿಸೋಕೆ ನೋಡ್ತಿದೀವಲ್ಲಮ್ಮ!"

ಫೆಬ್ರವರಿ 8, ಶನಿವಾರ

ವಾರದ ಸೌನಾ. ಬಿಸಿ ಕಲ್ಲಿಗೆ ನೀರು ಹಾಕುತ್ತ ಸೈಮಾ ಆ ಹೆಂಗಸಿನ ಮಾತು ತೆಗೆದಳು. ಹಬೆಯಲ್ಲಿ ಕೂತವನು ಎದ್ದು ಹೋಗಲಾರ ಅಂತ ಅವಳಿಗೆ ಗೊತ್ತು.

ಸೈಮಾಳ ಅಪ್ಪ ಫಿನ್ನರ ಸಹಕಾರಿ ಅಂಗಡಿಯ ಮ್ಯಾನೇಜರ್ ಆಗಿದ್ದವರು. ಅವರಂತೆಯೇ ಗಣಿಗೆಂದು ಬೇರೆ ದೇಶದಿಂದ ಬಂದ ನಮ್ಮ ಕಾರ್ನಿಷ್ ಜನ ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ನಮ್ಮಮ್ಮ ರಸ್ತೆಯ ಈಚೆಗಿನ ಅಂಗಡಿಗೇ ಹೋಗುತ್ತಿದ್ದಳು. ನಾನು ಮಾತ್ರ ಕದ್ದು ಹತ್ತುತ್ತಿದ್ದೆ. ಕಾಫಿಪುಡಿಯನ್ನು ಸೈಮಾ ತೂಗಿ ಕೊಡುತ್ತಿದ್ದಳು ಅನ್ನುವುದು ಕಾರಣ. ನಮ್ಮ ಮನೆಯಲ್ಲಿ ಆಗ ಯಾರೂ ಕಾಫಿ ಕುಡಿಯುತ್ತಿರಲಿಲ್ಲ.

"ಸಹಕಾರಿ ಅಂಗಡಿ ಕೊನೆಗೆ ಏನಾಯ್ತು? ಮುಚ್ಚಿತು," ಅಂದೆ. "ಎಲ್ಲರದೂ ಅಂದ್ರೆ ಯಾರದೂ ಅಲ್ಲ."

"ಮುಚ್ಚಿತು, ಒಪ್ಪಿದೆ. ಗಣಿ ಮುಚ್ಚಿದ ಚಳಿಗಾಲದಲ್ಲಿ ಯಾವ ಅಂಗಡಿ ಹಿಟ್ಟು ಕೊಡ್ತು? ನಿಮ್ಮಮ್ಮ ಹಿತ್ತಲ ಬಾಗಿಲಿಂದ ಬಂದು ತಗೊಂಡು ಹೋದಳು. ಅಪ್ಪ ಯಾರಿಗೂ ಹೇಳಲಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅಂದಿರಲಿಲ್ಲ.

"ಈಗ್ಯಾಕೆ ಹೇಳ್ತಿದೀಯ?"

"ಬಾಯಿಗೆ ಬಂತು," ಅಂದಳು. ಇನ್ನೊಂದು ಚಂಬು ನೀರು ಹಾಕಿದಳು.

ಫೆಬ್ರವರಿ 20, ಗುರುವಾರ

ಡೈಕ್‌ಹೌಸ್ ಮತ್ತೆ ಬಂದಳು, ಊರನ್ನು ಪರೀಕ್ಷಿಸಲು. ಈ ಸಲ ಬೂಟು ಸರಿಯಾಗಿತ್ತು. ಜೊತೆಗೆ ಹೋಗು ಅಂತ ನಾರ್ಬರ್ಟ್ ನನ್ನನ್ನೇ ಅಟ್ಟಿದ. ಒಪ್ಪಿಕೊಂಡೆ. ನನ್ನ ಮನಸ್ಸಿನಲ್ಲಿದ್ದದ್ದೇ ಬೇರೆ. ಊರಿನ ಹುಳುಕನ್ನೆಲ್ಲ ತೋರಿಸಿದರೆ ಇವಳು ಹೆದರಿ ಸೇತುವೆ ದಾಟಿ ಓಡುತ್ತಾಳೆ, ಆಗ ನಾರ್ಬರ್ಟ್ ಶಿಕಾಗೋದವನಿಗೆ ಸಹಿ ಹಾಕುತ್ತಾನೆ ಅಂತ.

ಲೈಬ್ರರಿಯ ಜಾರುವ ಮೆಟ್ಟಿಲು, ಶಾಲೆ ಹತ್ತಿರ ಹಿಮದಡಿ ಅಡಗಿದ, ಬೆಂಕಿ ಆರಿಸುವ ನೀರಿನ ಕೊಳಾಯಿ, ಬ್ರೇಕ್ ಹಾಕಿದರೆ ಎಡಕ್ಕೆ ವಾಲುವ ಹಿಮ ತಳ್ಳುವ ಗಾಡಿ, ಒಂದನ್ನೂ ಬಿಡಲಿಲ್ಲ. ಕೊನೆಗೆ ಅಟ್ಟಣೆ. ಕೆರೆಯ ಗಾಳಿಗೆ ಅದು ಕರಕರ ಅನ್ನುತ್ತಿತ್ತು. ಅರ್ಧಕ್ಕೆ ಹತ್ತಿ, ಅಲುಗಾಡುವ ಕಟಕಟೆ ಹಿಡಿದು ಅಲ್ಲಾಡಿಸಿ ತೋರಿಸಿದೆ. ಕೆಳಗೆ ಸುಲೋ ನನ್ನನ್ನು ನೋಡಿದ ರೀತಿ ಹೇಳಲಾರೆ. ನಾನು ಅವನ ಸ್ವಂತ ಮಗುವಿನ ಹುಳುಕು ಹಲ್ಲನ್ನು ನೆಂಟರಿಗೆ ತೋರಿಸುತ್ತಿದ್ದೇನೆ ಅನ್ನುವ ಹಾಗೆ.

ಅವಳು ಹೆದರಲಿಲ್ಲ. "ಇಷ್ಟನ್ನೂ ಯಾರೂ ತಾವಾಗಿ ತೋರ್ಸಲ್ಲ. ಥ್ಯಾಂಕ್ಸ್ ಮಿಸ್ಟರ್ ಟ್ರೆಂಬಾತ್," ಅಂದಳು. "ಇದೆಲ್ಲ ಸರಿ ಮಾಡಬಹುದಾದ್ದೇ. ಕಟಕಟೆಗೆ ಓಕ್ ಮರ ಹಾಕ್ಸಿ. ನಿಮ್ಮ ಕಂಪನಿಯವರು ಬಂದಾಗ ಏನಂತಿದ್ರು?"

ಕಂಪನಿಯವರು ಬಂದು ಬಹಳ ಕಾಲವಾಯಿತು ಅಂತ ಹೇಳಬೇಕಾಯಿತು. ಬರುತ್ತಲೇ ಇರಲಿಲ್ಲ ಅನ್ನುವುದು ನಿಜ. 'ನೀವಿದ್ದೀರಲ್ಲ, ಸಾಕು' ಅನ್ನುತ್ತಿದ್ದರು. ಅದನ್ನು ನಾನು ಹೊಗಳಿಕೆ ಅಂದುಕೊಂಡಿದ್ದೆ.

ಫೆಬ್ರವರಿ 26, ಬುಧವಾರ

ಸುಲೋ ಜೊತೆ ಕಟಕಟೆಗೆ ಓಕ್ ಹಲಗೆ ಹೊಡೆದೆ. ಬೆರಳು ಊದಿದೆ. ಇದಕ್ಕೂ ನಿಧಿಗೂ ಸಂಬಂಧವಿಲ್ಲ. ಕೈಗೆ ಕೆಲಸ ಬೇಕಿತ್ತು.

ಮಾರ್ಚ್ 1, ಶನಿವಾರ

ವಿಮೆ ಮುಗಿಯಿತು. ನಾರ್ಬರ್ಟ್ ಸಹಿ ಹಾಕಿ ಎಲ್ಲ ನಿಲ್ಲಿಸಿದ. ಅಟ್ಟಣೆಗೆ ಹಗ್ಗ ಕಟ್ಟಿದ್ದಾರೆ. ಪೊಲೀಸ್ ಕಾರು ಠಾಣೆಯ ಮುಂದೆ ಹಿಮದಡಿ ಮುಳುಗುತ್ತಿದೆ. ಆಂಬುಲೆನ್ಸ್ ಶೆಡ್ಡಿನಲ್ಲಿ.

ಸೈಮಾ ಅದರ ಕೀಲಿಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದಳು. ಊಟದ ಹೊತ್ತು ಇಬ್ಬರೂ ಆ ಕಡೆ ನೋಡಲಿಲ್ಲ.

ಮಾರ್ಚ್ 9, ಭಾನುವಾರ

ಕೋಟನ್ನೂ ಬಿಚ್ಚದೆ ಕೂತಿದ್ದೇನೆ. ಅಕ್ಷರ ಹೇಗಿದ್ದರೂ ಸರಿ, ಬರೆದುಬಿಡುತ್ತೇನೆ.

ಚರ್ಚಿನಿಂದ ಬಂದು ಮಾಂಸದ ಪ್ಯಾಸ್ಟಿ ಬಿಸಿ ಮಾಡುತ್ತಿದ್ದೆವು. ಹೊರಗೆ ಗಾಳಿಗೆ ಹಿಮ ಅಡ್ಡಡ್ಡ ಬೀಳುತ್ತಿತ್ತು. ಫೋನ್ ಬಂತು. ನಾರ್ಬರ್ಟನ ಹೆಂಡತಿ ರೋಸ್‌ಮೇರಿ. ಅವನು ನೆಲದ ಮೇಲೆ ಉರುಳಾಡುತ್ತಿದ್ದಾನೆ, ಬೆವರುತ್ತಿದ್ದಾನೆ, ಒಮ್ಮೆ ಎದೆ ಅನ್ನುತ್ತಾನೆ, ಒಮ್ಮೆ ಹೊಟ್ಟೆ ಅನ್ನುತ್ತಾನೆ. ಜಿಲ್ಲಾ ಆಸ್ಪತ್ರೆಯ ಗಾಡಿ ಹೆದ್ದಾರಿಯ ಅಪಘಾತಕ್ಕೆ ಹೋಗಿದೆ, ಯಾವಾಗ ಬರುತ್ತದೋ ಗೊತ್ತಿಲ್ಲವಂತೆ.

ಸೈಮಾ ಮೊಳೆಯಿಂದ ಕೀಲಿ ತೆಗೆದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ನಿಂತೆ ಅಂತ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಂತದ್ದು ನಿಜ.

"ಸೈಮಾ, ಅದಕ್ಕೆ ವಿಮೆ ಇಲ್ಲ."

"ಗೊತ್ತು."

"ದಾರೀಲಿ ಯಾರಿಗಾದ್ರೂ ತಾಗಿದ್ರೆ ಈ ಮನೆ ಹೋಗುತ್ತೆ. ನಮ್ಮ ಮನೆ."

"ಗೊತ್ತು ವಿಲ್ಫ್. ನೀನು ಇಲ್ಲೇ ಇರು. ಮನೆ ಎಲ್ಲೂ ಹೋಗದ ಹಾಗೆ ನೋಡ್ಕೊಂಡಿರು."

ಕೋಟು ಹಾಕಿಕೊಂಡು ನನ್ನನ್ನು ಪಕ್ಕಕ್ಕೆ ಸರಿಸಿ ಹೋದಳು. ಗಾಡಿ ಶೆಡ್ಡಿನಿಂದ ಹೊರಬರುವ ಹೊತ್ತಿಗೆ ನಾನು ಟೋಪಿ ಹಾಕಿಕೊಂಡು ಅವಳ ಪಕ್ಕದ ಸೀಟಿನಲ್ಲಿದ್ದೆ. ಹೇಗೆ ಹೋದೆ, ಬಾಗಿಲು ಹಾಕಿದೆನೋ ಇಲ್ಲವೋ ನೆನಪಿಲ್ಲ. ಪ್ಯಾಸ್ಟಿ ಸುಟ್ಟು ಕರಕಲಾಗಿದ್ದು ಮಾತ್ರ ವಾಪಸ್ ಬಂದ ಮೇಲೆ ಕಂಡಿತು.

ನಾರ್ಬರ್ಟನನ್ನು ನಾವಿಬ್ಬರೂ ರೋಸ್‌ಮೇರಿಯೂ ಸೇರಿ ಎತ್ತಿ ಗಾಡಿಯ ಹಿಂದೆ ಮಲಗಿಸಿದೆವು. ನಾನು ಅವನ ಪಕ್ಕದಲ್ಲೇ ಕೂತೆ. ಮಲಗಿದ ಕೂಡಲೇ ಕಣ್ಣು ಬಿಟ್ಟು ಛಾವಣಿ ನೋಡಿದ, ಆಮೇಲೆ ನನ್ನನ್ನು.

"ಇದನ್ನ ಯಾರು ಹೊರಗೆ ತೆಗೆದದ್ದು? ನಾನು ಸಹಿ ಹಾಕಿ ನಿಲ್ಸಿದೀನಿ. ವಾಪಸ್ ತಗೊಂಡ್ಹೋಗಿ!"

"ಮೇಯರ್ ಸಾಹೇಬ್ರೇ," ಮುಂದಿನಿಂದ ಸೈಮಾ ಕೂಗಿದಳು, "ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡಿ."

"ಟ್ರೆಂಬಾತ್, ನೀನೂನಾ? ಅವಳಿಗಂತೂ ತಲೆ ಇಲ್ಲ. ನೀನು ವಿಮೆಯವನು, ನಿನಗೂ ತಿಳಿಯಲ್ವಾ?"

ಅವನ ಕೈ ಹಿಡಿದುಕೊಂಡೆ. ಚಿಕ್ಕವರಿದ್ದಾಗ ಹೆಪ್ಪುಗಟ್ಟಿದ ಕೆರೆ ದಾಟುವಾಗ ಹಿಡಿದದ್ದು ಬಿಟ್ಟರೆ ಆ ಕೈಯನ್ನು ನಾನು ಹಿಡಿದದ್ದಿಲ್ಲ. ಕೆರೆಯಂಚಿನ ರಸ್ತೆಯ ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರಿತು. ಎದುರಿಗೆ ಒಂದು ಲಾರಿಯ ದೀಪ. ಸೈಮಾ ಏನು ಮಾಡಿದಳೋ, ಗಾಡಿ ನೆಟ್ಟಗಾಯಿತು. ನಾರ್ಬರ್ಟ್ ಪ್ರಾರ್ಥನೆ ಮಾಡುತ್ತಿದ್ದ, ಅವನ ಅಜ್ಜಿಯ ಮನೆಮಾತು ಫ್ರೆಂಚಿನಲ್ಲಿ.

ಹೃದಯವಲ್ಲ. ಪಿತ್ತಕೋಶದ ಕಲ್ಲು. ಬೆಳಿಗ್ಗೆ ಕೊಯ್ದು ತೆಗೆಯುತ್ತಾರಂತೆ. ಇನ್ನೂ ತಡವಾಗಿದ್ದರೆ ಒಡೆದು ವಿಷವಾಗುತ್ತಿತ್ತು ಅಂತ ಡಾಕ್ಟರ್ ಹೇಳಿದರು.

ವಾಪಸ್ ಹೊರಡುವಾಗ ಸೈಮಾ ಸ್ಟೀರಿಂಗ್ ಹಿಡಿದು ಕೂತಿದ್ದಳು. ಗಾಡಿ ಚಾಲೂ ಮಾಡಲಿಲ್ಲ. ನಾನು ಅವಳ ಕೈಗವಸಿನ ಮೇಲೆ ಕೈಯಿಟ್ಟೆ.

"ನನಗೂ ಭಯ ಆಗಿತ್ತು ಕಣೋ," ಅಂದಳು.

ಮಾರ್ಚ್ 14, ಶುಕ್ರವಾರ

ಒಳ್ಳೆಯ ಸುದ್ದಿ! ಕಂಪನಿಯ ಪ್ರಾದೇಶಿಕ ಮ್ಯಾನೇಜರ್ ಬ್ರಾಡಕ್ ಖುದ್ದಾಗಿ ಫೋನ್ ಮಾಡಿದ್ದ. ಪೆನ್‌ಹೇಲನ್ನು ಮತ್ತೆ ತೆಗೆದುಕೊಳ್ಳುತ್ತಾರಂತೆ, ನಿಧಿಯವರು ಹೇಳಿದ್ದಕ್ಕಿಂತ ಕಡಿಮೆ ಕಂತಿಗೆ. ಆಂಬುಲೆನ್ಸ್ ಸೇರಿ, ಅಟ್ಟಣೆ ಸೇರಿ. ಒಂದು ವರ್ಷದ ಮಟ್ಟಿಗೆ. ಫೋನ್ ಇಟ್ಟು ಆಫೀಸಿನಲ್ಲಿ ಒಬ್ಬನೇ ಕುಣಿದೆ. ನಮ್ಮವರು ನಮ್ಮನ್ನು ಬಿಡಲಿಲ್ಲ!

ಮನೆಗೆ ಓಡಿ ಬಂದು ಹೇಳಿದೆ. ಸೈಮಾ ಏಲಕ್ಕಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು.

"ಒಳ್ಳೇದಾಯ್ತು," ಅಂದಳು. "ಮುಂದಿನ ವರ್ಷ?"

ಅದನ್ನು ನಾನೂ ಬ್ರಾಡಕ್‌ಗೆ ಕೇಳಿದ್ದೆ. 'ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ ಟ್ರೆಂಬಾತ್, ಮೊದಲು ಆ ನಿಧಿಯನ್ನ ಸೇತುವೆಯಿಂದ ಆಚೆ ಓಡ್ಸೋಣ' ಅಂದಿದ್ದ. ಸೈಮಾಗೆ ಇದನ್ನು ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಹಿಟ್ಟು ನಾದುವುದನ್ನು ಮುಂದುವರಿಸಿದಳು, ಸ್ವಲ್ಪ ಜೋರಾಗಿ.

ಮಾರ್ಚ್ 18, ಮಂಗಳವಾರ

ಮಾರ್ಟನ್ನಿಗೆ ಹೋಗಿ ಬಂದೆ. ನಿಧಿ ಸೇರುವ ವಿಷಯಕ್ಕೆ ಅವರ ಊರಸಭೆ ಇವತ್ತಿತ್ತು. ನಾರ್ಬರ್ಟ್ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾನೆ, ಅವನ ಬದಲು ನಾನು.

"ನಾನು ಕಂಪನಿಯವನು. ನಿಧಿಯ ಪರವಾಗಿ ನಾನು ಹೋಗೋದು ಚೆನ್ನಾಗಿರಲ್ಲ," ಅಂದಿದ್ದೆ.

"ಪರವಾಗಿ ಹೋಗು ಅಂದೆನಾ? ಕೇಳಿದ್ದಕ್ಕೆ ನಿಜ ಹೇಳಿ ಬಾ. ನಗಿಸಬೇಡ, ಹೊಲಿಗೆ ಬಿಚ್ಚುತ್ತೆ."

ಮಾರ್ಟನ್ ಮೇಯರ್ ಉರ್ಹೋ ಸಲ್ಮೆಲಾ. ಹೈಸ್ಕೂಲಿನಲ್ಲಿ ಅವರ ಗೋಲ್ ಕಾಯುತ್ತಿದ್ದವನು, ತನ್ನ ಕೋಲಿನಿಂದ ನನ್ನ ಮುಂದಿನ ಹಲ್ಲು ಉದುರಿಸಿದವನು. ಇವತ್ತಿಗೂ ಅದು ಆಕಸ್ಮಿಕ ಅನ್ನುತ್ತಾನೆ.

"ಬಾರಯ್ಯ ಟ್ರೆಂಬಾತ್. ಹಲ್ಲು ಹೇಗಿದೆ?"

"ಕಟ್ಟಿಸಿದ್ದೇ ಗಟ್ಟಿಯಾಗಿದೆ. ನಿನ್ನ ಕೂದಲು ಎಲ್ಲೋಯ್ತು?"

ಆಮೇಲೆ ಕೆಲಸದ ಮಾತು. ಅವರ ವಿಮೆಯೂ ಹೋಗಿದೆ, ಅವರಿಗೂ ಬ್ರಾಡಕ್‌ನ ಅದೇ ಒಂದು ವರ್ಷದ ಮಾತು ಬಂದಿದೆ. ಅವರ ಭಯವೆಲ್ಲ ನಮ್ಮ ಅಟ್ಟಣೆ. 'ನಿಮ್ಮ ಹುಡುಗರು ಆಕಾಶದಿಂದ ಬಿದ್ದು ಕಾಲು ಮುರ್ಕೊಂಡ್ರೆ ನಾವ್ಯಾಕೆ ಕೊಡಬೇಕು' ಅಂತ ಒಬ್ಬಳು ಕೇಳಿದಳು. ನನಗೆ ಸಿಟ್ಟು ಬಂತು. ಕಟಕಟೆಗೆ ಯಾವ ಮರ ಹಾಕಿದೆವು, ಹಿಮ ಎಷ್ಟು ಗಟ್ಟಿಯಿದ್ದರೆ ಬಿಡುತ್ತೇವೆ, ಗಾಳಿ ಎಷ್ಟಾದರೆ ಮುಚ್ಚುತ್ತೇವೆ, ಸುಲೋ ದಿನಾ ಬೆಳಿಗ್ಗೆ ಮೊದಲು ತಾನೇ ಹತ್ತಿ ಹೇಗೆ ನೋಡುತ್ತಾನೆ ಎಲ್ಲ ಹೇಳಿದೆ. ಇನ್ನೂ ಊತ ಇಳಿಯದ ಬೆರಳನ್ನೂ ತೋರಿಸಿದೆ. ಆ ಹೆಂಗಸು ಬಗ್ಗಿ ಬೆರಳು ನೋಡಿ ಕೂತಳು.

ಸಲ್ಮೆಲಾ ನನ್ನನ್ನು ಬಾಗಿಲವರೆಗೆ ಬಿಡಲು ಬಂದ. "ಒಂದು ಕೇಳ್ತೀನಿ. ನೀನು ಕಂಪನಿ ಮನುಷ್ಯ. ನಿನಗೆ ಇದರಲ್ಲಿ ಏನು ಸಿಗುತ್ತೆ?"

"ನಾರ್ಬರ್ಟ್ ಕಳಿಸಿದ, ಬಂದೆ."

"ಹಾಂ," ಅಂದ. "ನೋಡು, ಪೆನ್‌ಹೇಲ್‌ನವರು ನೀರಿಗಿಳಿದ್ರೆ ನಾವೂ ಇಳೀತೀವಿ. ನಿಮಗಿಂತ ಪುಕ್ಕಲರು ಅನ್ನಿಸ್ಕೊಳಲ್ಲ."

ಮಾರ್ಚ್ 20, ಗುರುವಾರ

ನಮ್ಮ ಪುರಸಭೆಯ ತೀರ್ಮಾನ ಇವತ್ತು. ನಾರ್ಬರ್ಟ್ ಹೊಟ್ಟೆಗೆ ದಿಂಬು ಒತ್ತಿಕೊಂಡು ಬಂದಿದ್ದ. ಬ್ರಾಡಕ್ ಹೇಳಿದ್ದನ್ನು ನಾನೇ ಓದಿದೆ, ಒಂದಕ್ಷರ ಬಿಡದೆ. ನಿಧಿಯದನ್ನು ಡೈಕ್‌ಹೌಸ್ ಓದಿದಳು. ಇಬ್ಬರು ಸದಸ್ಯರು ಕಂಪನಿಯ ಕಡೆ, ಇಬ್ಬರು ನಿಧಿಯ ಕಡೆ. ಇನ್ನು ಮೇಯರ್ ಹೇಳಬೇಕು.

ನಾರ್ಬರ್ಟ್ ನನ್ನ ಕಡೆ ತಿರುಗಿದ. "ವಿಲ್ಫ್, ಏಜೆಂಟನ್ನ ಕೇಳ್ತಿಲ್ಲ. ಈ ಊರಲ್ಲಿ ಹುಟ್ಟಿದೋನನ್ನ ಕೇಳ್ತೀನಿ. ನೀನಾದ್ರೆ ಏನ್ ಮಾಡ್ತಿದ್ದೆ?"

ಬ್ರಾಡಕ್‌ನದು ಕಡಿಮೆ ಕಂತು, ಅದನ್ನೇ ತಗೊಳ್ಳಿ ಅನ್ನಬೇಕು ಅಂತಲೇ ಎದ್ದು ನಿಂತೆ. ಮನೆಯಿಂದ ಹಾಗೆಂದುಕೊಂಡೇ ಬಂದಿದ್ದೆ.

"ಕಂತು ಕಡಿಮೆ ಇರೋದು ನಿಜ," ಅಂದೆ. "ಅವರು ಮೋಸಗಾರರಲ್ಲ. ಬರೆದುಕೊಟ್ಟಿದ್ದನ್ನ ಕೊಡ್ತಾರೆ. ಆದ್ರೆ ವಿಮೆ ಮುಗಿದ ವಾರ ನಾನು ಅವರ ಆಫೀಸಿಗೆ ದಿನಾ ಫೋನ್ ಮಾಡಿದೆ. ನಮ್ಮೂರ ಆಂಬುಲೆನ್ಸ್ ನಿಂತಿದೆ, ಅದೊಂದಕ್ಕಾದ್ರೂ ದಾರಿ ಮಾಡಿ ಅಂತ. ಬ್ರಾಡಕ್ ಮೀಟಿಂಗಲ್ಲಿದ್ದ. ದಿನಾ ಮೀಟಿಂಗಲ್ಲೇ ಇದ್ದ. ಇಷ್ಟು ವರ್ಷ ಅವರ ಕೆಲಸ ಮಾಡಿದೀನಿ, ಆ ಮೀಟಿಂಗಲ್ಲಿ ನನಗೆ ಕುರ್ಚಿ ಇಲ್ಲ. ನಿಮಗಂತೂ ಇಲ್ವೇ ಇಲ್ಲ. ಮುಂದಿನ ಮಾರ್ಚಲ್ಲಿ ಮತ್ತೆ ಬಿಟ್ರೆ ನಾನು ನಿಮಗೆ ಏನು ಹೇಳಲಿ? ಈಯಮ್ಮನ ನಿಧೀಲಿ ಕಂತು ಹೆಚ್ಚಾಗಬಹುದು. ಆದ್ರೆ ಅಲ್ಲಿ ನಮ್ಮವರೊಬ್ಬರಿಗೆ ಕುರ್ಚಿ ಇದೆ. ಕೂತು ಜಗಳ ಆಡಬಹುದು. ನನಗಾದ್ರೆ ಅದು ಸಾಕು."

ನಾರ್ಬರ್ಟ್ ನಿಧಿಗೆ ಕೈಯೆತ್ತಿದ. ದಿಂಬು ಕೆಳಗೆ ಬಿತ್ತು.

ಮನೆಗೆ ಬರುವಾಗ ಸೈಮಾ ನನ್ನ ತೋಳು ಹಿಡಿದು ನಡೆದಳು. ದಾರಿ ಜಾರುತ್ತಿತ್ತು, ಅದಕ್ಕಿರಬೇಕು.

ಮಾರ್ಚ್ 25, ಮಂಗಳವಾರ

ಬ್ರಾಡಕ್: "ನೀವು ಯಾರ ಕಡೆಯವರು ಟ್ರೆಂಬಾತ್?"

ಜೂನ್ ಕೊನೆಗೆ ನನ್ನ ಏಜೆನ್ಸಿ ಮುಗಿಯುತ್ತದೆ.

ಮಾರ್ಚ್ 26, ಬುಧವಾರ

ನಿದ್ದೆ ಬಂತು. ಬರುವುದಿಲ್ಲ ಅಂದುಕೊಂಡಿದ್ದೆ.

ಮೇ 17, ಶನಿವಾರ

ಬರೆಯಲು ಪುರುಸೊತ್ತಿರಲಿಲ್ಲ. ನಿಧಿಯ ಮಂಡಳಿಗೆ ಪೆನ್‌ಹೇಲ್ ಪರವಾಗಿ ನನ್ನನ್ನೇ ಕಳಿಸಿದ್ದಾರೆ. ಸಂಬಳವಿಲ್ಲ, ದಾರಿಖರ್ಚು 'ನೋಡೋಣ' ಅಂದಿದ್ದಾರೆ. ಇನ್ನೆರಡು ಸಣ್ಣ ಕಂಪನಿಗಳು ಮನೆ, ಕಾರು ವಿಮೆಗೆ ನನ್ನನ್ನು ಏಜೆಂಟ್ ಮಾಡಿಕೊಂಡಿವೆ. ಊಟಕ್ಕೆ ಕೊರತೆಯಿಲ್ಲ.

ಮೊದಲ ಸಭೆಗೆ ಸಲ್ಮೆಲಾ ಜೊತೆ ಒಂದೇ ಕಾರಿನಲ್ಲಿ ಹೋದೆ. ಉದ್ದಕ್ಕೂ ಆ ಹಲ್ಲಿನ ವಿಷಯ ಜಗಳ. ಸಭೆಗೆ ಬಂದ ಮೊದಲ ನಷ್ಟವೇ ಅವರದು. ಮಾರ್ಟನ್ನಿನ ಕಸದ ಲಾರಿ ಹಿಂದಕ್ಕೆ ಬಂದು ಪಾದ್ರಿಯ ಮನೆಯ ಮೊಗಸಾಲೆ ಬೀಳಿಸಿದೆ. ಕೊಡಬೇಕು ಅಂತ ನಾನೂ ಕೈಯೆತ್ತಿದೆ. ಆಮೇಲೆ ಊಟದ ಹೊತ್ತು ಪೂರ್ತಿ ಅವನಿಗೆ ಬೈದೆ. ಲಾರಿಗೆ ಹಿಂದಿನ ಕನ್ನಡಿಯೇ ಇಲ್ಲವಂತೆ! ಮೊಗಸಾಲೆಯಲ್ಲಿ ಆಗ ಪಾದ್ರಿ ಕೂತಿದ್ದಿದ್ದರೆ?

ನವೆಂಬರ್ 29, ಶನಿವಾರ

ಸುಸ್ತಾಗಿದೆ. ಆದರೂ ಬರೆದಿಡಬೇಕು.

ಗುರುವಾರದ ಹಬ್ಬದೂಟದಿಂದ ಹಿಮ ನಿಂತಿಲ್ಲ. ಒದ್ದೆ ಹಿಮ, ಸಿಮೆಂಟಿನಂಥದು. ಮೊನ್ನೆ, ನಿನ್ನೆ ಎರಡೂ ದಿನ ಸಲ್ಮೆಲಾನಿಗೆ ಫೋನ್ ಮಾಡಿ, ಅವರ ಹಾಕಿ ರಿಂಕಿನ, ಆ ಮಂಜುಗಡ್ಡೆ ಅಂಗಳದ, ಛಾವಣಿ ಮೇಲಿನ ಹಿಮ ಖಾಲಿ ಮಾಡಿಸು ಅಂದೆ. ಮಾಡಿಸ್ತೀನಿ ಮಾಡಿಸ್ತೀನಿ ಅಂದ. ಇವತ್ತು ಬೆಳಿಗ್ಗೆ ಕೇಳಿದರೆ ಜನವೇ ಇಲ್ಲವಂತೆ. ಜಿಂಕೆ ಬೇಟೆಯ ಕೊನೆಯ ವಾರ, ಮಾರ್ಟನ್ನಿನ ಗಟ್ಟಿ ಗಂಡಸರೆಲ್ಲ ಕಾಡು ಸೇರಿದ್ದಾರೆ.

"ಒಳಗೆ ತೊಲೆ ಸದ್ದು ಮಾಡ್ತಿದೆ ಕಣೋ," ಅಂದ. ದನಿ ಸಣ್ಣಗಾಗಿತ್ತು.

ಪೆನ್‌ಹೇಲ್‌ನ ಹಾಕಿ ತಂಡ ಶಾಲೆಯ ಅಂಗಳದಲ್ಲಿ ಓಡುತ್ತಿತ್ತು. ನಮ್ಮೂರಿನಲ್ಲಿ ರಿಂಕೇ ಇಲ್ಲ, ಅಂಗಳವೇ ಗತಿ. ಹೋಗಿ ವಿಷಯ ಹೇಳಿದೆ. ಹುಡುಗರು ಮೊದಲು ನಕ್ಕರು, ಬೀಳಲಿ ಬಿಡಿ ಅಂದರು. ಒಳ್ಳೆಯ ಮಾತಿನಲ್ಲಿ ಹೇಳಿದೆ, ಆಮೇಲೆ ಒಳ್ಳೆಯದಲ್ಲದ ಮಾತಿನಲ್ಲಿ. ನಾರ್ಬರ್ಟ್ ತನ್ನ ಲಾರಿ ತಂದ. ಸುಲೋ ಅಟ್ಟಣೆಯ ಹಗ್ಗ, ಸಲಿಕೆ ಎಲ್ಲ ತಂದ. ಸೈಮಾ ಆಂಬುಲೆನ್ಸ್ ತೆಗೆದುಕೊಂಡು ಹಿಂದೆಯೇ ಬಂದಳು, ನನ್ನನ್ನು ಛಾವಣಿ ಹತ್ತಲು ಬಿಡುವುದಿಲ್ಲ ಅನ್ನುವ ಒಂದೇ ಉದ್ದೇಶಕ್ಕೆ.

ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತಿದರು. ನಾನು ಕೆಳಗೆ ನಿಂತು ಗಂಟಲು ಹರಿಯುವಂತೆ ಕೂಗಿದೆ. ಒಂದೇ ಬದಿ ತೆಗೀಬೇಡಿ, ಎರಡೂ ಕಡೆ ಸಮ ತೆಗೀರಿ, ತೊಲೆ ಇರೋ ಕಡೆ ಮೊದಲು! ಸಲ್ಮೆಲಾ ಪಕ್ಕದಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ನಿಂತಿದ್ದ.

"ಪೆನ್‌ಹೇಲ್ ಹುಡುಗರು ನಮ್ಮ ರಿಂಕ್ ಉಳ್ಸಿದ್ರು ಅಂದ್ರೆ ನಾನು ಊರಲ್ಲಿ ಹೇಗೆ ತಲೆ ಎತ್ತಲಿ?"

"ಮೊದಲು ತಲೆ ಎತ್ತಿ ಆ ಮೂಲೆ ನೋಡು. ಅಲ್ಲಿ ತಗಡು ಬಾಗಿದೆ. ಬೇಸಿಗೇಲಿ ಯಾಕೆ ಬದಲಾಯಿಸ್ಲಿಲ್ಲ ನೀನು?"

"ಬೈಯೋದು ಸಾಕು, ಕಾಫಿ ಕುಡಿ."

ಕತ್ತಲಾಗುವ ಮುಂಚೆ ಮುಗಿಯಿತು. ತೊಲೆ ಸದ್ದು ನಿಲ್ಲಿಸಿತು. ಇಳಿದ ಹುಡುಗರಿಗೆ ಮಾರ್ಟನ್ನಿನ ಹೆಂಗಸರು ಬಟಾಣಿ ಸೂಪು ಕೊಟ್ಟರು. ನಾನು ಒಳಗೆ ಹೋಗಿ, ಮಂಜುಗಡ್ಡೆಯ ನಡುವೆ ನಿಂತು, ಒಂದೊಂದೇ ತೊಲೆಯನ್ನು ಮೇಲೆ ನೋಡಿದೆ. ಒಳ್ಳೆಯ ಕಟ್ಟಡ. ಹಳೆಯ ಕಾಲದ ಕೆಲಸ, ಬೀಳಬಾರದು.

ಮನೆಯ ದಾರಿಯಲ್ಲಿ ಆಂಬುಲೆನ್ಸಿನ ಹೀಟರಿಗೆ ಕೈ ಕಾಸುತ್ತ ಕೂತಿದ್ದೆ. ಸೈಮಾ ಕೇಳಿದಳು.

"ಹುಡುಗರಿಗೆ ಮುಂದಿನ ಪಂದ್ಯ ಯಾವಾಗ?"

"ಬರೋ ಶನಿವಾರ. ಮಾರ್ಟನ್ ಜೊತೆ."

"ಎಲ್ಲಿ?"

"ನಮ್ಮ ರಿಂಕಲ್ಲಿ."

ಅವಳು ನನ್ನ ಕಡೆ ತಿರುಗಿ ನೋಡಿದಳು. "ಯಾವ ರಿಂಕಲ್ಲಿ?"

"ಈಗ ಬಿಟ್ಟು ಬಂದ್ವಲ್ಲ, ಅದೇ. ಇನ್ನೆಲ್ಲಿದೆ ನಮಗೆ ರಿಂಕು?"

ಸೈಮಾ ಗಾಡಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದಳು. ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ನನ್ನ ಟೋಪಿಯನ್ನು ಎರಡೂ ಕಿವಿ ಮುಚ್ಚುವ ಹಾಗೆ ಎಳೆದು, ಕೆನ್ನೆ ತಟ್ಟಿ, ಗಾಡಿ ಹೊರಡಿಸಿದಳು. ಏನಾಯಿತು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ.

ನಾಳೆ ಎದ್ದ ಕೂಡಲೇ ಸಲ್ಮೆಲಾನಿಗೆ ಫೋನ್ ಮಾಡಬೇಕು. ರಿಂಕಿನ ಹಿಂಬಾಗಿಲ ಜಾರುವ ಮೆಟ್ಟಿಲಿಗೆ ಅವನಿನ್ನೂ ಮರಳು ಹಾಕಿಸಿಲ್ಲ.